ಸ್ಟೋರ್‌ರೂಮಿಂದ ಬಂದ ಕಂಪ್ಯೂಟರ್: ಪ್ಲಗ್ ಹಾಕೋ ಮುಂಚೆ

ಪ್ರಶ್ನೆ: ಸರ್, ನಾನು ಹೈಸ್ಕೂಲಲ್ಲಿ ಗಣಿತ ಹೇಳ್ಕೊಟ್ಟು ರಿಟೈರ್ ಆದವಳು. ನಮ್ಮ ಶಾಲೆ ಸ್ಟೋರ್‌ರೂಮ್ ಖಾಲಿ ಮಾಡ್ವಾಗ ಎಸ್‌ಸಿಎಲ್ ಯೂನಿಕಾರ್ನ್ ಅಂತ ಬರೆದಿರೋ ಕಂಪ್ಯೂಟರ್ ಗುಜರಿಗೆ ಹೊರಟಿತ್ತು, ಕೇಳಿ ಮನೆಗೆ ತಂದೆ. ಮಗ ಪ್ಲಗ್ ಹಾಕಿ ನೋಡೇಬಿಡೋಣ ಅಂತಾನೆ. ಹಾಕ್ಬಹುದಾ?
– ಓದುಗರು, ಮಲ್ಲೇಶ್ವರಂ

ಉತ್ತರ: ಬೇಡ ಮೇಡಂ, ದಯವಿಟ್ಟು ಈಗ್ಲೇ ಬೇಡ. ನಿಮ್ಮ ಹತ್ರ ಇರೋದು ಸಾಮಾನ್ಯ ವಸ್ತು ಅಲ್ಲ. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಕೊಡೋಕೆ ಕ್ಲಾಸ್ ಅನ್ನೋ ಯೋಜನೆ ಶುರು ಮಾಡ್ತಲ್ಲ, ಅದಕ್ಕೆ ಆರಿಸ್ಕೊಂಡಿದ್ದು ಬ್ರಿಟನ್ನಿನ ಏಕಾರ್ನ್ ಕಂಪನಿ 1981ರಲ್ಲಿ ತಂದ ಬಿಬಿಸಿ ಮೈಕ್ರೋನ, ಅದನ್ನೇ ನಮ್ಮ ಸರ್ಕಾರಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನವರು (ಅದೇ ಎಸ್‌ಸಿಎಲ್) ಯೂನಿಕಾರ್ನ್ ಹೆಸರಲ್ಲಿ ಕೊಟ್ರು. ಆ ಸಂಸ್ಥೆಯ ಮೊಹಾಲಿ ಫ್ಯಾಕ್ಟರಿ 1989ರಲ್ಲಿ ಬೆಂಕಿಗೆ ಸುಟ್ಟುಹೋಯ್ತು. ಒಳಗಿರೋದು 6502 ಪ್ರೊಸೆಸರ್, 32 ಕೆಬಿ ಮೆಮೊರಿ, ಅಷ್ಟೇ, ಆದ್ರೆ ಒಂದು ತಲೆಮಾರಿನ ಎಷ್ಟೋ ಮಕ್ಕಳು ಕಂಪ್ಯೂಟರ್ ಮುಟ್ಟಿದ್ದು ಇದ್ರಲ್ಲೇ.

ಪ್ಲಗ್ ಯಾಕೆ ಬೇಡ ಅಂದ್ರೆ, ಬಿಬಿಸಿ ಮೈಕ್ರೋಗಳ ಪವರ್ ಸಪ್ಲೈಯಲ್ಲಿ ಕರೆಂಟ್ ಒಳಗೆ ಬರೋ ಜಾಗದಲ್ಲೇ ರಿಫಾ ಅನ್ನೋ ಮಾರ್ಕಿನ ಫಿಲ್ಟರ್ ಕೆಪಾಸಿಟರ್ (ಚಾರ್ಜ್ ಹಿಡಿದಿಡೋ ಸಣ್ಣ ಭಾಗ) ಇರುತ್ತೆ, ಒಳಗೆ ಕಾಗದ, ಮೇಲೆ ಪಾರದರ್ಶಕ ಕವಚ. ವರ್ಷ ಕಳೀತಾ ಕವಚ ಬಿರುಕು ಬಿಡುತ್ತೆ, ಕಾಗದ ತೇವ ಹೀರುತ್ತೆ, ಬೆಂಗಳೂರು ಮಳೆಗಾಲ ಗೊತ್ತಲ್ಲ. ಆಮೇಲೆ 230 ವೋಲ್ಟ್ ಕೊಟ್ರೆ ಕೆಲವು ನಿಮಿಷ ಚೆನ್ನಾಗೇ ಓಡಿ ಢಬ್ ಅಂತ ಒಡೆದು ಮನೆ ತುಂಬ ಕೆಟ್ಟ ಹೊಗೆ. ಬಿರುಕು ಕಾಣದಿದ್ರೂ ಬದಲಾಯಿಸಿ, ಹಳೇದ್ರ ಮೇಲೆ ಬರೆದಿರೋ ಮೈಕ್ರೋಫ್ಯಾರಡ್ ಮೌಲ್ಯದ್ದೇ ತಗೊಳ್ಳಿ, ಎಕ್ಸ್2 ಕ್ಲಾಸ್ (ನೇರ ಮನೆ ಕರೆಂಟಿಗೆ ಹಾಕೋ ಸುರಕ್ಷತಾ ದರ್ಜೆ), 275 ವೋಲ್ಟ್ ಎಸಿ ಅಂತ ಇರ್ಲೇಬೇಕು, ಬೇರೆ ಕೆಪಾಸಿಟರ್ ಹಾಕೋದು ಅಪಾಯ. ಕೆಲಸ ಮಾತ್ರ ಎಸ್‌ಎಂಪಿಎಸ್ (ಇಂಥ ಪವರ್ ಸಪ್ಲೈ) ರಿಪೇರಿ ಮಾಡೋರ ಕೈಲೇ ಮಾಡ್ಸಿ, ಯಾಕಂದ್ರೆ ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಲ್ಲಿ 300 ವೋಲ್ಟ್ ದಾಟಿ ನಿಂತಿರಬಹುದು.

ಅದಾದ್ಮೇಲೆ ಸಪ್ಲೈನ ಬೋರ್ಡಿಂದ ಬಿಡಿಸಿ, ಸಣ್ಣ ಲೋಡ್ ಕೊಟ್ಟು, 5 ವೋಲ್ಟ್ ಸರಿಯಾಗಿ ಬರ್ತಿದ್ಯಾ ಅಂತ ಮೀಟರಲ್ಲಿ ನೋಡಿ, ಆಮೇಲೇ ಬೋರ್ಡಿಗೆ ಕೊಡಿ. ಆರೋಗ್ಯವಾಗಿದ್ರೆ ಮೊದ್ಲು ಒಂದು ದಪ್ಪ ಸ್ವರ, ಹಿಂದೆಯೇ ಸಣ್ಣ ಬೀಪ್ ಕೇಳುತ್ತೆ. ದಪ್ಪ ಸ್ವರ ನಿಲ್ಲದೇ ಎಳೀತಾ ಇದ್ರೆ ಪ್ರೊಸೆಸರ್ ಶುರುವಾಗ್ತಿಲ್ಲ ಅಂತ, ಅದಕ್ಕೇ ಭಯಪಡ್ಬೇಡಿ, ಎಷ್ಟೋ ಸಲ ಸಾಕೆಟ್‌ಗಳಲ್ಲಿ ಚಿಪ್‌ಗಳ ಕಾಲು ಕಿಲುಬು ಹಿಡಿದಿರುತ್ತೆ, ಕರೆಂಟ್ ತೆಗೆದು ಒಂದೊಂದೇ ನಿಧಾನ ಎತ್ತಿ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ಕೂರಿಸಿದ್ರೆ ಎದ್ದು ಕೂತ್ಕೊಳ್ಳುತ್ತೆ.

ಆದ್ರೆ ಇದೆಲ್ಲಕ್ಕಿಂತ ಮುಂಚೆ ಬೋರ್ಡು, ಲೇಬಲ್ಲು, ಶಾಲೆಯ ಸ್ಟಾಕ್ ನಂಬರ್, ಚಿಪ್‌ಗಳ ಮೇಲಿನ ಅಕ್ಷರ ಎಲ್ಲದ್ರ ಫೋಟೋ ತೆಗೀರಿ. ಆ ಶಾಲೆಯಲ್ಲಿ ಜೊತೆಗೆ ಕೊಟ್ಟ ಕೈಪಿಡಿ, ಫ್ಲಾಪಿ, ಕ್ಯಾಸೆಟ್ ಏನಾದ್ರೂ ಉಳಿದಿದ್ಯಾ ಅಂತ ಇವತ್ತೇ ಫೋನ್ ಮಾಡಿ ಕೇಳಿ. ಮಷಿನ್ನಿಗಿಂತ ಅದೇ ಬೇಗ ಹೋಗಿಬಿಡೋದು.

ಪ್ರಶ್ನೆ: ಹಳೇ ಬೋರ್ಡುಗಳಿಗೆ ಐಸಿ (ಚಿಪ್) ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ? ಎಸ್‌ಪಿ ರೋಡಲ್ಲಿ ಕೇಳಿದ್ರೆ ಇಲ್ಲ ಅಂತಾರೆ.
– ಓದುಗರು, ರಾಜಾಜಿನಗರ

ಉತ್ತರ: ಏನು ಕೇಳಿದ್ರಿ ಅನ್ನೋದ್ರ ಮೇಲಿದೆ. 74ಎಲ್‌ಎಸ್ ಸರಣಿಯ ಸಾಮಾನ್ಯ ಲಾಜಿಕ್ ಚಿಪ್, ಸಾಕೆಟ್, ಕೆಪಾಸಿಟರ್, ರೆಗ್ಯುಲೇಟರ್ ಇವೆಲ್ಲ ಎಸ್‌ಪಿ ರೋಡಲ್ಲೇ ಸಿಗುತ್ತೆ, ಹಳೇ ಕಂಪ್ಯೂಟರ್ ಪಾರ್ಟ್ ಅಂತ ಕೇಳ್ಬೇಡಿ, ಐಸಿ ನಂಬರ್ ಚೀಟೀಲಿ ಬರ್ಕೊಂಡು ಹೋಗಿ. 6502 ಬೇಕಂದ್ರೆ ಅದ್ರ 65ಸಿ02 ರೂಪ ಇವತ್ತಿಗೂ ಹೊಸದಾಗಿ ತಯಾರಾಗುತ್ತೆ, ಆದ್ರೆ 1ನೇ ಪಿನ್ನಲ್ಲಿ ವ್ಯತ್ಯಾಸ ಇರೋದ್ರಿಂದ ಡೇಟಾಶೀಟ್ ನೋಡದೇ ಚುಚ್ಚಬೇಡಿ. ಬಿಬಿಸಿ ಮೈಕ್ರೋದ ವಿಡಿಯೋ ಯುಎಲ್‌ಎ ಥರ ಆ ಮಷಿನ್ನಿಗೇ ಅಂತ ಮಾಡಿದ ಅಸಲಿ ಚಿಪ್ ಮಾತ್ರ ಯಾವ ಅಂಗಡಿಯಲ್ಲೂ ಹುಡುಕಿ ಪ್ರಯೋಜನ ಇಲ್ಲ, ಇನ್ನೊಂದು ಸತ್ತ ಬೋರ್ಡಿಂದಲೇ ಬರ್ಬೇಕು. ಅದಕ್ಕೇ ಜಾಲಿ ಮೊಹಲ್ಲಾ ಕಡೆ ಗುಜರಿಯವರ ಪರಿಚಯ ಇಟ್ಕೊಳ್ಳಿ, ಹಳೇ ಬೋರ್ಡುಗಳನ್ನ ಚಿನ್ನ ತೆಗೆಯೋರು ಕೆಜಿ ಲೆಕ್ಕದಲ್ಲಿ ಎತ್ಕೊಂಡು ಹೋಗ್ತಾರೆ, ಅವರಿಗಿಂತ ಮುಂಚೆ ನೀವು ಹೋಗ್ಬೇಕು, ಸ್ವಲ್ಪ ಜಾಸ್ತಿ ದುಡ್ಡು ಕೊಟ್ರೂ ಪರವಾಗಿಲ್ಲ.

ಐಸಿ ತಗೊಳ್ವಾಗ ಡೇಟ್ ಕೋಡ್ ನೋಡಿ, 8437 ಅಂದ್ರೆ 1984ರ 37ನೇ ವಾರ. ಮೇಲಿನ ಅಕ್ಷರ ಅಸಿಟೋನಲ್ಲಿ ಒರೆಸಿದ್ರೆ ಮೇಲ್ಪದರದ ಸಮೇತ ಎದ್ದುಬಂದ್ರೆ ಯಾರೋ ಹೊಸ ನಂಬರ್ ಬರೆದು ಮಾರ್ತಿದ್ದಾರೆ ಅಂತ ಅನುಮಾನ ಪಡ್ಬೇಕು.

ಪ್ರಶ್ನೆ: ನಮ್ಮ ತಂದೆ 80ರ ದಶಕದಲ್ಲಿ ಕಂಪ್ಯೂಟರ್ ಸರ್ವಿಸ್ ಇಂಜಿನಿಯರ್ ಆಗಿದ್ರು. ಅಟ್ಟದ ಮೇಲೆ ಸರ್ಕ್ಯೂಟ್ ಡಯಾಗ್ರಾಂ, ಸರ್ವಿಸ್ ನೋಟ್ಸ್, ಒಂದು ಡಬ್ಬದಲ್ಲಿ ಈಪ್ರಾಮ್‌ಗಳಿವೆ (ಪ್ರೋಗ್ರಾಂ ಬರೆದಿಟ್ಟ ಚಿಪ್‌ಗಳು). ಮನೆಯವರು ಬಿಸಾಕು ಅಂತಾರೆ.
– ಓದುಗರು, ಜಯನಗರ

ಉತ್ತರ: ಕೈ ಮುಗಿದು ಕೇಳ್ತೀನಿ, ಬಿಸಾಕ್ಬೇಡಿ. ಐಬಿಎಂ, ಏಕಾರ್ನ್ ಮಷಿನ್‌ಗಳ ಕಾಗದಪತ್ರ ಬಿಟ್‌ಸೇವರ್ಸ್ ಅನ್ನೋ ಹಳೇ ಕೈಪಿಡಿಗಳ ವೆಬ್‌ಸೈಟಲ್ಲಿ, ಇಂಟರ್‌ನೆಟ್ ಆರ್ಕೈವಲ್ಲಿ ಬೇಕಾದಷ್ಟು ಸಿಗುತ್ತೆ, ಆದ್ರೆ ಪಿಎಸ್‌ಐ, ಡಿಸಿಎಂ, ಎಚ್‌ಸಿಎಲ್, ವಿಪ್ರೋ ಅಂತ ನಮ್ಮವರೇ ಕಟ್ಟಿದ ಮಷಿನ್‌ಗಳ ಸರ್ಕ್ಯೂಟ್ ಹುಡುಕಿದ್ರೆ ಕೈಗೆ ಬರೋದು ಬಹಳ ಕಮ್ಮಿ. ಅದ್ರಲ್ಲಿ ಎಷ್ಟೋ ಕೆಲಸ ಇದೇ ಊರಲ್ಲಿ ಆಗಿದ್ದು, ಮಾಡಿದವ್ರೆಲ್ಲ ಈಗ ನಿಮ್ಮ ತಂದೆ ವಯಸ್ಸಿನವ್ರು. ಚಿಪ್ ಹೋದ್ರೆ ಇನ್ನೊಂದು ಸಿಗಬಹುದು, ಯಾವ ತಂತಿ ಎಲ್ಲಿಗೆ ಹೋಗುತ್ತೆ ಅಂತ ಬರೆದ ಆ ಒಂದೇ ಹಾಳೆ ಹೋದ್ರೆ ಎಲ್ಲಿಂದ ತರೋದು?

ಸ್ಕ್ಯಾನ್ ಮಾಡ್ವಾಗ 400 ಅಥವಾ 600 ಡಿಪಿಐ ಇಡಿ, ಮಡಚಿದ ದೊಡ್ಡ ಹಾಳೆಗಳನ್ನ ಕತ್ತರಿಸದೇ ದೊಡ್ಡ ಸ್ಕ್ಯಾನರ್ ಇರೋ ಜೆರಾಕ್ಸ್ ಅಂಗಡಿಗೆ ಕೊಡಿ. ಪೆನ್ಸಿಲ್ಲಲ್ಲಿ ಅಂಚಿಗೆ ಬರೆದಿರೋದನ್ನ ಅಳಿಸ್ಬೇಡಿ, ಕಂಪನಿ ಕೈಪಿಡಿಯಲ್ಲಿ ಇಲ್ದಿರೋ ತಿದ್ದುಪಡಿ ಅಲ್ಲೇ ಇರೋದು. ಈಪ್ರಾಮ್‌ಗಳ ಗಾಜಿನ ಕಿಟಕಿ ಮೇಲಿನ ಸ್ಟಿಕ್ಕರ್ ಕೀಳ್ಬೇಡಿ, ಬಿಸಿಲಿನ ಅತಿನೇರಳೆ ಕಿರಣಕ್ಕೆ ಒಳಗಿನ ಪ್ರೋಗ್ರಾಂ ಅಳಿಸಿಹೋಗುತ್ತೆ, ಹಂಗೇ ಬಿಟ್ರೂ ವರ್ಷಾಂತರದಲ್ಲಿ ಚಾರ್ಜ್ ಸೋರಿ ಬಿಟ್‌ಗಳು ಕೆಡುತ್ತೆ. ಯುಎಸ್‌ಬಿ ಪ್ರೋಗ್ರಾಮರ್ (ಚಿಪ್ ಓದೋ ಸಾಧನ) ಇರೋರ ಹತ್ರ ಪ್ರತಿ ಚಿಪ್ಪನ್ನೂ ಒಂದಕ್ಕಿಂತ ಹೆಚ್ಚು ಸಲ ಓದ್ಸಿ, ಎಲ್ಲ ಸಲವೂ ಒಂದೇ ಫೈಲ್ ಬಂತಾ ನೋಡಿ, ಫೈಲ್ ಹೆಸರಿಗೆ ಸ್ಟಿಕ್ಕರ್ ಮೇಲೆ ಇರೋದನ್ನೇ ಇಡಿ. ತಂದೆಯವರು ಇದ್ರೆ ಪಕ್ಕದಲ್ಲಿ ಕೂರಿಸ್ಕೊಂಡು ಯಾವ ಹಾಳೆ ಯಾವ ಮಷಿನ್ನಿಂದು, ಯಾವ ಕಡೆ ಸರ್ವಿಸ್ ಮಾಡಿದ್ದು ಅಂತ ಕೇಳಿ ಫೋನಲ್ಲಿ ರೆಕಾರ್ಡ್ ಮಾಡಿ, ಅದನ್ನೂ ಸ್ಕ್ಯಾನ್ ಜೊತೆಗೇ ಇಂಟರ್‌ನೆಟ್ ಆರ್ಕೈವ್‌ಗೆ ಹಾಕಿ.