ಪೇಂಟ್ ಡಬ್ಬಿ ತೆರೆಯೋ ಮುಂಚೆ ಸುಣ್ಣದ ಬಗ್ಗೆ ಯೋಚಿಸಿ

ಕೆಂಪಿಟ್ಟಿಗೆಯ ಫೈರ್‌ಪ್ಲೇಸ್ ಗೋಡೆಯಿಂದ ಹಾಲ್ ಮಬ್ಬಾಗಿ ಕಾಣುತ್ತೆ, ಬಿಳಿ ಪೇಂಟ್ ಹೊಡೆದು ಮೇಲೊಂದು ಮರದ ಹಲಗೆ, ಟಿವಿ ಹಾಕಬಹುದಾ ಅಂತ ಕೇಳಿದ್ದೀರಿ.

ಪೇಂಟ್‌ಗೆ ಅವಸರ ಬೇಡ. ಒಮ್ಮೆ ಹೊಡೆದರೆ ಇಟ್ಟಿಗೆಯ ಸಣ್ಣ ತೂತುಗಳಿಂದ ಅದನ್ನು ಕೀಳೋದು ಹರಸಾಹಸ. ನಾನಾಗಿದ್ದರೆ ತೆಳುವಾಗಿ ಸುಣ್ಣ ಬಳಿಯುತ್ತಿದ್ದೆ. ಮೊದಲು ಮಸಿಯನ್ನು ಚೆನ್ನಾಗಿ ಉಜ್ಜಿ ತೊಳೆಯಿರಿ, ಇಟ್ಟಿಗೆ ಇನ್ನೂ ಒದ್ದೆ ಇರುವಾಗಲೇ ಬಳಿಯಿರಿ. ಸ್ವಲ್ಪ ಹೊತ್ತು ಬಿಟ್ಟು ಹಸಿಬಟ್ಟೆಯಿಂದ ಅಲ್ಲಲ್ಲಿ ಒರೆಸಿದರೆ ಅಂಚುಗಳಲ್ಲಿ ಕೆಂಪು ಇಣುಕುತ್ತೆ, ಸಂದುಗಳಲ್ಲಿ ಬಿಳುಪು ಉಳಿಯುತ್ತೆ. ಹಸಿಯಿದ್ದಾಗ ಬರೀ ನೀರು ಬಳಿದ ಹಾಗಿರುತ್ತೆ, ಒಣಗಿದ ಮೇಲೇ ಬೆಳ್ಳಗಾಗೋದು. ಗಾಬರಿಯಾಗಿ ಅವತ್ತೇ ಇನ್ನೊಂದು ಕೋಟ್ ಹೊಡೆಯಬೇಡಿ! ಇಟ್ಟಿಗೆಗೆ ಈಗಾಗಲೇ ಸೀಲರ್ (ನೀರು ಹೀರದಂತೆ ತಡೆಯುವ ಲೇಪ) ಹಾಕಿದ್ದರೆ ಮಾತ್ರ ಸುಣ್ಣ ಹಿಡಿಯಲ್ಲ. ನಾಲ್ಕು ಹನಿ ನೀರು ಚಿಮುಕಿಸಿ ನೋಡಿ, ಹೀರಿಕೊಂಡರೆ ಸರಿ.

ಬೆಂಕಿ ಉರಿಯುವ ಒಳಗೂಡಿಗೆ ಇದ್ಯಾವುದೂ ಬೇಡ, ಹೆಚ್ಚು ಶಾಖ ತಡೆಯುವ ಪೇಂಟೇ ಆಗಬೇಕು.

ಮರದ ಹಲಗೆಗೆ ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 211 ನಿಯಮ ಒಳ್ಳೆಯ ಅಳತೆ: ಫೈರ್‌ಪ್ಲೇಸ್ ಬಾಯಿಯಿಂದ 6 ಇಂಚಿನೊಳಗೆ ಮರ ಇರಕೂಡದು, 12 ಇಂಚಿನೊಳಗಿದ್ದರೆ ದೂರದ ಪ್ರತಿ ಇಂಚಿಗೆ 1/8 ಇಂಚಷ್ಟೇ ಮುಂದೆ ಚಾಚಬಹುದು. ಅಂದರೆ 8 ಇಂಚು ಮೇಲಿದ್ದರೆ ಚಾಚು ಒಂದೇ ಇಂಚು. ಫ್ಯಾಕ್ಟರಿಯಲ್ಲೇ ತಯಾರಾಗಿ ಬಂದ ಫೈರ್‌ಪ್ಲೇಸ್ ಆದರೆ ಅದರ ಕೈಪಿಡಿಯಲ್ಲಿರೋ ಅಳತೆಯೇ ಕೊನೆ ಮಾತು.

ಟಿವಿ? ಒಂದೆರಡು ಗಂಟೆ ಬೆಂಕಿ ಉರಿಸಿ, ಆ ಜಾಗದಲ್ಲಿ ಥರ್ಮಾಮೀಟರ್ ಅಂಟಿಸಿ, ಟಿವಿಯ ಕೈಪಿಡಿಯ ಮಿತಿ ಜೊತೆ ಹೋಲಿಸಿ. ನನ್ನ ಕೇಳಿದರೆ ಪಕ್ಕದ ಗೋಡೆಗೇ ಹಾಕಿ, ಕತ್ತಾದರೂ ಉಳಿಯುತ್ತೆ.