ಶತ್ರು ಸೈನಿಕನನ್ನು ಪ್ರೀತಿಸಿದರೆ ಅದು ದ್ರೋಹವಾ?

ನೀವು ಕೇಳಿದ್ದು ಎರಡು ವಿಷಯ. ಊರು ಶತ್ರು ಸೈನ್ಯದ ಕೈಯಲ್ಲಿದೆ, ಗಂಡ ಯುದ್ಧಕ್ಕೆ ಹೋಗಿ ಪತ್ತೆ ಇಲ್ಲ. ಅಂಥ ಹೊತ್ತಿನಲ್ಲಿ ಒಬ್ಬ ಹೆಂಗಸು ಆ ಸೈನ್ಯದವನನ್ನೇ ಪ್ರೀತಿಸಿದರೆ ದ್ರೋಹವಾ? ಗಂಡ ವಾಪಸ್ ಬಂದರೆ ಹೇಳಬೇಕಾ?

ನಾನು ತುಮಕೂರಿನಲ್ಲಿ ಇಪ್ಪತ್ತೆರಡು ವರ್ಷ ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವಳು. ಈಗ ರಿಟೈರ್ ಆಗಿದ್ದೇನೆ, ಟೈಮ್ ಜಾಸ್ತಿ ಇದೆ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾದೀತು.

ಎರಡನೇ ಮಹಾಯುದ್ಧದ ಪಾಠ ಬಂದಾಗ ಕ್ಲಾಸಿನಲ್ಲಿ ಒಂದು ಫೋಟೋ ತೋರಿಸುತ್ತಿದ್ದೆ. ಪರೀಕ್ಷೆಗೆ ಬರುವಂಥದ್ದಲ್ಲ, ಸುಮ್ನೆ. 1944ರ ಆಗಸ್ಟ್ 16ರಂದು ಫ್ರಾನ್ಸಿನ ಶಾರ್ತ್ರ ಎಂಬ ಊರಿನಲ್ಲಿ ರಾಬರ್ಟ್ ಕಾಪಾ ತೆಗೆದದ್ದು. ಜರ್ಮನ್ನರು ಆಗಷ್ಟೇ ಊರು ಬಿಟ್ಟಿದ್ದಾರೆ. ತಲೆ ನುಣ್ಣಗೆ ಬೋಳಿಸಿಕೊಂಡ ಹೆಂಗಸೊಬ್ಬಳು ಎಳೆ ಕೂಸನ್ನು ಎತ್ತಿಕೊಂಡು ಬೀದಿಯಲ್ಲಿ ನಡೆಯುತ್ತಿದ್ದಾಳೆ. ಕೂಸಿನ ಅಪ್ಪ ಜರ್ಮನ್ ಸೈನಿಕ. ಸುತ್ತ ಊರಿಗೆ ಊರೇ ನೆರೆದಿದೆ, ಜಾತ್ರೆಗೆ ಬಂದವರ ಹಾಗೆ ನಗುತ್ತಿದೆ. ಫ್ರಾನ್ಸಿನಲ್ಲಿ ಹೀಗೆ ತಲೆ ಬೋಳಿಸಿಕೊಂಡ ಹೆಂಗಸರು ಸುಮಾರು 20,000. ಎಲ್ಲರೂ ಪ್ರೀತಿ ಮಾಡಿದವರೇನಲ್ಲ. ಜರ್ಮನ್ನರ ಹತ್ತಿರ ಕೆಲಸಕ್ಕಿದ್ದವರೂ ಇದ್ದರು, ಬರೀ ಅನುಮಾನಕ್ಕೆ ಸಿಕ್ಕವರೂ ಇದ್ದರು.

ಆ ಫೋಟೋ ಮೊದಲ ಸಲ ನೋಡಿದಾಗ ನನಗೆ ನೆನಪಾಗಿದ್ದು ನಮ್ಮ ದೊಡ್ಡಜ್ಜಿ, ಅಂದರೆ ಅಜ್ಜಿಯ ಅಕ್ಕ. ಶಿರಾ ಕಡೆಯ ಹಳ್ಳಿಯವರು. ಹದಿಮೂರಕ್ಕೇ ಗಂಡ ಹೋದ, ತಲೆ ತೆಗೆಸಿದರು, ಕೆಂಪು ಸೀರೆ ಉಡಿಸಿದರು. ಆಮೇಲೆ ಅರವತ್ತು ವರ್ಷ ಅದೇ ಸೀರೆ, ಅದೇ ಬೋಳು ತಲೆ. ಅವರು ಯಾವ ಶತ್ರುವನ್ನೂ ಪ್ರೀತಿಸಿರಲಿಲ್ಲ ಪಾಪ. ಹೆಣ್ಣಿನ ಲೆಕ್ಕ ಚುಕ್ತಾ ಮಾಡಬೇಕು ಅಂದಾಗ ಎರಡು ಕಡೆಯೂ ಕೈ ಹೋದದ್ದು ಕೂದಲಿಗೇ ಅಲ್ವಾ ಅಂತ ಆಗ ಅನ್ನಿಸಿತ್ತು.

ಆದರೆ ಬರೀ ಅಯ್ಯೋ ಪಾಪ ಅಂದುಬಿಟ್ಟರೂ ಆಗುವುದಿಲ್ಲ. ಫೋಟೋದಲ್ಲಿರುವ ಆ ಹೆಂಗಸು ಜರ್ಮನ್ನರಿಗೆ ದುಭಾಷಿಯಾಗಿ ಕೆಲಸ ಮಾಡಿದ್ದಳು. ನೆರೆಮನೆಯವರನ್ನು ಜರ್ಮನ್ನರಿಗೆ ಹಿಡಿದುಕೊಟ್ಟಳು ಎಂಬ ಆರೋಪವೂ ಇತ್ತು. ಅದು ಕೋರ್ಟಿನಲ್ಲಿ ನಿಲ್ಲಲಿಲ್ಲ. ಒಂದು ವೇಳೆ ನಿಂತಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ನಾನು ದ್ರೋಹ ಅನ್ನುವುದು ಅದಕ್ಕೆ, ನಿನ್ನ ಮಾತಿನಿಂದ ಇನ್ನೊಬ್ಬರ ಮನೆ ಬಾಗಿಲಿಗೆ ಪೊಲೀಸರು ಬಂದರೆ. ಯಾರ ಪಕ್ಕ ಮಲಗಿದಳು ಅನ್ನುವುದು ಅವಳ, ಅವಳ ಗಂಡನ ನಡುವಿನ ವಿಷಯ. ಗಂಡನಿಗೆ ನೋವಾಗುತ್ತದೆ, ಖಂಡಿತ ಆಗುತ್ತದೆ, ಆದರೆ ಅದನ್ನು ದೇಶದ ಲೆಕ್ಕಕ್ಕೆ ಬರೆಯುವುದು ಯಾಕೆ?

ಬರೆದವರು ಯಾರು ಅಂತಲೂ ನೋಡಿ. 1940ರಲ್ಲಿ ಸುಮಾರು 18 ಲಕ್ಷ ಫ್ರೆಂಚ್ ಸೈನಿಕರು ಜರ್ಮನ್ನರಿಗೆ ಸೆರೆಯಾದರು. ಆ ಸೈನ್ಯ ಗಡಿ ಕಾಯಲು ಆಗದೆ ಸೋತಿತು, ಹೆಂಗಸರು ಮಾತ್ರ ಮನೆಯಲ್ಲಿ ಕೂತು ಮಾನ ಕಾಯಬೇಕಿತ್ತು. ಇತ್ತ ಜರ್ಮನ್ನರಿಗೆ ಸಮುದ್ರ ತೀರದಲ್ಲಿ ಕಾಂಕ್ರೀಟ್ ಕೋಟೆ ಕಟ್ಟಿಕೊಟ್ಟ ಫ್ರೆಂಚ್ ಕಂಟ್ರಾಕ್ಟರುಗಳಲ್ಲಿ ಎಷ್ಟೋ ಜನ ಯುದ್ಧ ಮುಗಿದ ಮೇಲೂ ಆರಾಮಾಗಿ ವ್ಯಾಪಾರ ಮಾಡಿಕೊಂಡಿದ್ದರು, ಅವರನ್ನು ಯಾರೂ ಬೀದಿಯಲ್ಲಿ ಕೂರಿಸಿ ಬೋಳಿಸಲಿಲ್ಲ. ಫ್ರಾನ್ಸಿನ ಹೆಂಗಸರಿಗೆ ಓಟಿನ ಹಕ್ಕು ಸಿಕ್ಕಿದ್ದೂ ಅದೇ 1944ರಲ್ಲಿ. ನಾರ್ವೆಯಲ್ಲಿ ಇನ್ನೂ ವಿಚಿತ್ರ. ಜರ್ಮನ್ನರನ್ನು ಮದುವೆಯಾದ ಹೆಂಗಸರ ಪೌರತ್ವ ಕಿತ್ತುಕೊಂಡು ಜರ್ಮನಿಗೆ ಕಳಿಸಿದರು, ಜರ್ಮನ್ ಹೆಣ್ಣನ್ನು ಮದುವೆಯಾದ ನಾರ್ವೆಯ ಗಂಡಸರಿಗೆ ಏನೂ ಆಗಲಿಲ್ಲ. ಅಲ್ಲಿನ ಅಂದಿನ ಪ್ರಧಾನಿ ಎರ್ನಾ ಸೋಲ್ಬರ್ಗ್ ಈ ಹೆಂಗಸರ ಕ್ಷಮೆ ಕೇಳಿದ್ದು 2018ರಲ್ಲಿ. ಅಷ್ಟೊತ್ತಿಗೆ ಬದುಕಿದ್ದವರು ಎಷ್ಟು ಜನವೋ.

ಇದೆಲ್ಲ ಪರದೇಶದ ಮಾತು ಅಂದುಕೊಳ್ಳಬೇಡಿ. ದೇಶ ವಿಭಜನೆಯಾದಾಗ ಎರಡೂ ಕಡೆ ಸಾವಿರಾರು ಹೆಂಗಸರನ್ನು ಹೊತ್ತೊಯ್ದರು. ಅವರನ್ನು ಹುಡುಕಿ ವಾಪಸ್ ಕಳಿಸಲು 1949ರಲ್ಲಿ ನಮ್ಮ ಸಂವಿಧಾನ ಸಭೆ ಒಂದು ಕಾಯ್ದೆ ಮಾಡಿತು. ಒಳ್ಳೆಯ ಉದ್ದೇಶವೇ, ನಿಜ. ಆದರೆ ಅದರಲ್ಲಿ ‘ಅಪಹೃತ ವ್ಯಕ್ತಿ’ ಅಂದರೆ ಹದಿನಾರು ವರ್ಷದೊಳಗಿನ ಹುಡುಗ, ಇಲ್ಲವೇ ಯಾವ ವಯಸ್ಸಿನವಳಾದರೂ ಹೆಣ್ಣು. ನಲವತ್ತು ವರ್ಷದವಳು, ಹೊತ್ತೊಯ್ದವನ ಮನೆಯಲ್ಲೇ ಹೇಗೋ ಬೇರು ಬಿಟ್ಟು ಎರಡು ಮಕ್ಕಳಾಗಿ, ನಾನು ಇಲ್ಲೇ ಇರ್ತೀನಿ ಅಂದರೂ ಅವಳ ಮಾತಿಗೆ ಬೆಲೆ ಇರಲಿಲ್ಲ. ಅದನ್ನು ಪ್ರೀತಿ ಅನ್ನಬೇಕಾ, ಗತಿ ಇಲ್ಲದೆ ಒಗ್ಗಿಕೊಂಡದ್ದು ಅನ್ನಬೇಕಾ? ನನಗೆ ಇವತ್ತಿಗೂ ಬಗೆಹರಿದಿಲ್ಲ. ಅವಳನ್ನು ಕೇಳಬೇಕಿತ್ತು, ಅಷ್ಟು ಗೊತ್ತು.

ಇದೇ ಕಾರಣಕ್ಕೆ ‘ಪ್ರೀತಿಗೆ ಗಡಿ ಇಲ್ಲ’ ಅನ್ನುವವರ ಮಾತೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅವನ ಸೊಂಟದಲ್ಲಿ ಪಿಸ್ತೂಲು, ಇವಳ ಮನೆಯಲ್ಲಿ ಹಸಿದ ಮಕ್ಕಳು, ರೊಟ್ಟಿ ಇರುವುದು ಅವನ ಹತ್ತಿರ. ಅವಳು ಬೇಡ ಅಂದಿದ್ದರೆ ಅವನು ಸುಮ್ನೆ ತಿರುಗಿ ಹೋಗುತ್ತಿದ್ದನಾ? ಹೋಗುತ್ತಿದ್ದ ಅನ್ನುವುದಾದರೆ ಮಾತ್ರ ಅದಕ್ಕೆ ಪ್ರೀತಿ ಅಂತ ಹೆಸರಿಡೋಣ.

ಅಂಥದ್ದು ನಡೆದೂ ಇದೆ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಜರ್ಸಿ ಅಂತ ಪುಟ್ಟ ದ್ವೀಪ, 1940ರಿಂದ 1945ರವರೆಗೆ ಜರ್ಮನ್ನರ ಕೈಯಲ್ಲಿತ್ತು. ಅಲ್ಲಿದ್ದ ಹೆಡ್ವಿಗ್ ಬೆರ್ಕು ಎಂಬ ಯಹೂದಿ ಹೆಂಗಸು ಜರ್ಮನ್ನರು ಹಿಡಿಯುತ್ತಾರೆ ಅಂತ ಗೊತ್ತಾದಾಗ, 1943ರ ನವೆಂಬರಿನಲ್ಲಿ, ಸಮುದ್ರಕ್ಕೆ ಬಿದ್ದು ಸತ್ತಂತೆ ನಾಟಕ ಮಾಡಿ ಬಟ್ಟೆಯನ್ನು ದಡದಲ್ಲಿ ಬಿಟ್ಟು ಮಾಯವಾದಳು. ಅವಳನ್ನು ಸುಮಾರು ಹದಿನೆಂಟು ತಿಂಗಳು ಮನೆಯಲ್ಲಿ ಬಚ್ಚಿಟ್ಟವಳು ಡೊರೊಥಿಯಾ ವೆಬರ್. ಇಬ್ಬರು ಇರುವ ಮನೆಗೆ ಒಬ್ಬರ ರೇಷನ್ ಎಲ್ಲಿ ಸಾಲುತ್ತದೆ? ಕದ್ದುಮುಚ್ಚಿ ಊಟ ತಂದುಕೊಟ್ಟವನು ಕುರ್ಟ್ ರ್ಯೂಮೆಲೆ, ಜರ್ಮನ್ ಸೈನ್ಯದವನೇ. ಸಿಕ್ಕಿಬಿದ್ದಿದ್ದರೆ ಮೂವರ ಕಥೆಯೂ ಮುಗಿಯುತ್ತಿತ್ತು. ಯುದ್ಧ ಮುಗಿದ ಮೇಲೆ ಹೆಡ್ವಿಗ್ ಅವನನ್ನೇ ಮದುವೆಯಾದಳು. ಇಲ್ಲಿ ದ್ರೋಹಿ ಯಾರು ಅಂತ ಕ್ಲಾಸಿನಲ್ಲಿ ಕೇಳಿದರೆ ಹಿಂದಿನ ಬೆಂಚಿನ ಒಬ್ಬ ಹುಡುಗ, ಯಾವತ್ತೂ ಬಾಯಿ ಬಿಡದವನು, ‘ಅವನೇ ಮೇಡಂ, ಅವನ ಸೈನ್ಯಕ್ಕೆ’ ಅಂದಿದ್ದ. ಎಲ್ಲರೂ ನಕ್ಕರು. ನಾನು ಅವನಿಗೆ ಫುಲ್ ಮಾರ್ಕ್ಸ್ ಕೊಟ್ಟೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಗಂಡನಿಗೆ ಹೇಳಬೇಕು ಅಂತಲೇ ನನ್ನ ಅಭಿಪ್ರಾಯ. ಅವನು ಐದು ವರ್ಷ ಸೆರೆಯಲ್ಲಿದ್ದು, ಅರ್ಧ ದೇಹವಾಗಿ ಬಂದಿರುತ್ತಾನೆ. ಬಂದ ದಿನವೇ ಹೇಳು ಅನ್ನುವುದಿಲ್ಲ. ಒಂದು ವಾರ ಊಟ ಮಾಡಲಿ, ನಿದ್ದೆ ಮಾಡಲಿ. ಆದರೆ ತುಂಬಾ ದಿನ ಕಾಯುವ ಹಾಗೂ ಇಲ್ಲ, ಬೀದಿಯ ಕೊನೆಯ ಅಂಗಡಿಗೆ ಅವನು ಬೀಡಿ ತರಲು ಹೋಗುವಷ್ಟರೊಳಗೆ ಹೇಳಿಬಿಡಬೇಕು, ಇಲ್ಲದಿದ್ದರೆ ಅಂಗಡಿಯವರು ಹೇಳುತ್ತಾರೆ.