ಎಂಟು-ಎಂಟು ಆದಾಗ ಕೈ ಯಾಕೆ ಬಿಗಿಯುತ್ತದೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಲದ ವಿಷಯ ಪೂಲ್ ಪಂದ್ಯದ ಕೊನೆಯ ರ‍್ಯಾಕ್. ಒಂದು ಸುತ್ತಿನ ಆಟಕ್ಕೆ ರ‍್ಯಾಕ್ ಎಂದು ಹೆಸರು. ಇಬ್ಬರಿಗೂ ಗೆಲ್ಲಲು ಇನ್ನೊಂದೇ ರ‍್ಯಾಕ್ ಬೇಕು ಎನ್ನುವ ಹಂತವನ್ನು (ಮೊದಲು ಒಂಬತ್ತು ರ‍್ಯಾಕ್ ಗೆಲ್ಲಬೇಕಾದ ಪಂದ್ಯದಲ್ಲಿ 8-8) ಆಟಗಾರರು ‘ಹಿಲ್-ಹಿಲ್’ ಎನ್ನುತ್ತಾರೆ. 2024ರಲ್ಲಿ ಜೆಡ್ಡಾದಲ್ಲಿ ನಡೆದ ವಿಶ್ವ ನೈನ್‌ಬಾಲ್ ಫೈನಲ್ ಅಲ್ಲಿಯವರೆಗೂ ಹೋಯಿತು; ಫೆಡರ್ ಗೋರ್ಸ್ಟ್ 15-14ರಲ್ಲಿ ಎಕ್ಲೆಂಟ್ ಕಾಚಿಯನ್ನು ಸೋಲಿಸಿದರು. ಬಂದ ಪತ್ರಗಳಲ್ಲಿ ಹೆಚ್ಚಿನವು ನೈನ್‌ಬಾಲ್ ಆಡುವವರದ್ದು, ಹಾಗಾಗಿ ಉತ್ತರಗಳೂ ಆ ಆಟವನ್ನೇ ಹಿಡಿದಿವೆ. ಅದರಲ್ಲಿ ಒಂದರಿಂದ ಒಂಬತ್ತರವರೆಗಿನ ಚೆಂಡುಗಳಿಗೆ ಬಿಳಿ ಚೆಂಡನ್ನು ಸಂಖ್ಯೆಯ ಕ್ರಮದಲ್ಲೇ ತಾಗಿಸಬೇಕು; ಒಂಬತ್ತನ್ನು ಪಾಕೆಟ್ಟಿಗೆ ಹಾಕಿದವರದ್ದು ರ‍್ಯಾಕ್.

ಪ್ರಶ್ನೆ: ಅಭ್ಯಾಸದಲ್ಲಿ ಕಣ್ಣು ಮುಚ್ಚಿ ಹಾಕುವಂಥ ನೇರ ಒಂಬತ್ತು. ಪಂದ್ಯ 8-8 ಆದಾಗ ಅದೇ ಚೆಂಡು ಪಾಕೆಟ್ಟಿನ ಬಾಯಿಗೆ ಬಡಿದು ಹೊರಗೇ ನಿಲ್ಲುತ್ತದೆ. ತಲೆಯಲ್ಲಿ ಗೊಂದಲವೇನೂ ಇರುವುದಿಲ್ಲ. ತಪ್ಪು ಎಲ್ಲಿ? — ಮೈಸೂರಿನ ಓದುಗರು

ಉತ್ತರ: ಹಿಂದಿನ ಕೈಯಲ್ಲಿ. ಒತ್ತಡ ಬಂದಾಗ ಮೊದಲು ಬದಲಾಗುವುದು ಕ್ಯೂ (ಹೊಡೆಯುವ ಕೋಲು) ಹಿಡಿತ, ಅದೂ ನಿಮಗೆ ತಿಳಿಯದ ಹಾಗೆ. ಆರಾಮವಾಗಿದ್ದಾಗ ಕ್ಯೂ ಹೆಬ್ಬೆರಳು ಮತ್ತು ಮೊದಲೆರಡು ಬೆರಳುಗಳ ಮೇಲೆ ತೂಗುತ್ತಿರುತ್ತದೆ. ಹಿಂದಕ್ಕೆ ಎಳೆದಾಗ ಕೊನೆಯ ಎರಡು ಬೆರಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. 8-8ರಲ್ಲಿ ಐದೂ ಸೇರಿ ಮುಷ್ಟಿ ಕಟ್ಟುತ್ತವೆ. ಮುಷ್ಟಿ ಬಿಚ್ಚದಿದ್ದರೆ ಕ್ಯೂವಿನ ಹಿಂಬದಿ ಮೇಲೇಳುತ್ತದೆ, ಮಣಿಕಟ್ಟು ತಿರುಗುತ್ತದೆ, ತುದಿ ಬಿಳಿ ಚೆಂಡಿನ ನಡುವನ್ನು ಬಿಟ್ಟು ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಬಡಿಯುತ್ತದೆ. 57 ಮಿ.ಮೀ. ವ್ಯಾಸದ ಚೆಂಡಿಗೆ ಅಷ್ಟೇ ಸಾಕು. ನೀವು ಕೇಳದ ಸ್ಪಿನ್ ಸೇರಿಕೊಂಡು ಬಿಳಿ ಚೆಂಡು ಗೆರೆ ಬಿಟ್ಟು ಹೋಗುತ್ತದೆ. ಎರಡನೆಯ ತಪ್ಪು, ಚೆಂಡು ಬೀಳುವುದನ್ನು ನೋಡುವ ಆತುರಕ್ಕೆ ತಲೆ ಎತ್ತುವುದು. ತಲೆಯ ಹಿಂದೆ ಭುಜ, ಭುಜದ ಹಿಂದೆ ಕ್ಯೂ.

ನಂಬಿಕೆ ಬಾರದಿದ್ದರೆ ಪರೀಕ್ಷೆ ಮಾಡಿ. ಬಿಳಿ ಚೆಂಡಿನ ಬದಲು ಪಟ್ಟೆಯ ಚೆಂಡೊಂದನ್ನು ಇಡಿ, ಪಟ್ಟೆ ನೆಟ್ಟಗೆ ನಿಮಗೆ ಎದುರಾಗಿರಲಿ. ಸಡಿಲ ಹಿಡಿತದಲ್ಲಿ 20 ಹೊಡೆತ, ಬೇಕೆಂದೇ ಬಿಗಿ ಹಿಡಿದು 20. ಪ್ರತಿ ಸಲ ಚೆಂಡನ್ನು ಎತ್ತಿಕೊಂಡು ಚಾಕ್ ಗುರುತು ಪಟ್ಟೆಯ ನಡುವೆ ಇದೆಯೇ, ಎಡಕ್ಕೋ ಬಲಕ್ಕೋ ಸರಿದಿದೆಯೇ ನೋಡಿ ಬರೆದಿಡಿ. ಬಿಗಿ ಹಿಡಿತ ನಿಮ್ಮ ಕೈಯನ್ನು ಯಾವ ಕಡೆಗೆ ಎಳೆಯುತ್ತದೆ ಎಂಬುದು ಆ ಪಟ್ಟಿಯಲ್ಲೇ ಕಾಣುತ್ತದೆ.

ಪರಿಹಾರ ಹೀಗೆ. ತೀರ್ಮಾನವೆಲ್ಲ ನಿಂತಾಗಲೇ ಆಗಲಿ: ಎಷ್ಟು ಜೋರು, ಬಿಳಿ ಚೆಂಡು ಎಲ್ಲಿ ನಿಲ್ಲಬೇಕು, ತುದಿ ಎಲ್ಲಿ ತಾಗಬೇಕು. ಬಾಗಿದ ಮೇಲೆ ಗುರಿ ತಿದ್ದಬೇಡಿ. ಅನುಮಾನ ಬಂದರೆ ಎದ್ದು ನಿಂತು ಮೊದಲಿನಿಂದ ಬನ್ನಿ. ಬಾಗಿದ ಕೂಡಲೇ ಹಿಡಿತವನ್ನು ಒಮ್ಮೆ ಪೂರ್ತಿ ಸಡಿಲ ಬಿಟ್ಟು ಮತ್ತೆ ಹಿಡಿಯಿರಿ. ಮೂರು ಸಲ ಕ್ಯೂ ಆಡಿಸಿ, ತುದಿ ಬಿಳಿ ಚೆಂಡಿನ ಬಳಿ ಒಂದು ಕ್ಷಣ ನಿಲ್ಲಲಿ, ಕಣ್ಣು ಒಂಬತ್ತರ ಮೇಲೆ ಹೋಗಲಿ, ಆಮೇಲೆ ಹೊಡೆತ. ಚೆಂಡು ಪಾಕೆಟ್ಟಿಗೆ ಬಿದ್ದ ಸದ್ದು ಕೇಳುವ ತನಕ ಗಲ್ಲ ಕ್ಯೂವಿನ ಮೇಲೇ ಇರಲಿ. ಇನ್ನೊಂದು ಮಾತು: ಇನ್ನು ಪೊಸಿಷನ್ (ಮುಂದಿನ ಹೊಡೆತಕ್ಕೆ ಬಿಳಿ ಚೆಂಡು ನಿಲ್ಲುವ ಜಾಗ) ಬೇಕಿಲ್ಲವಲ್ಲ ಎಂದು ಒಂಬತ್ತನ್ನು ಜೋರಾಗಿ ಬಾರಿಸಬೇಡಿ. ಜೋರು ಹೆಚ್ಚಿದಷ್ಟೂ ಪಾಕೆಟ್ ಕಿರಿದಾಗುತ್ತದೆ. ನೇರ ಒಂಬತ್ತಿಗೆ ನಡುವಿಗಿಂತ ತುಸು ಕೆಳಗೆ ತಾಗಿಸಿ ಬಿಳಿ ಚೆಂಡನ್ನು ಅಲ್ಲೇ ನಿಲ್ಲಿಸಿ. ಮೇಲೆ ತಾಗಿದರೆ ಅದೂ ಒಂಬತ್ತರ ಹಿಂದೆಯೇ ಪಾಕೆಟ್ಟಿಗೆ ಉರುಳುವ ಅಪಾಯವಿದೆ.

ಪ್ರಶ್ನೆ: 8-3 ಮುಂದಿದ್ದೆ, 8-8 ಆಯಿತು, ಸೋತೆ. ಇದು ಮೂರನೇ ಸಲ. — ದಾವಣಗೆರೆಯ ಓದುಗರು

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಆ ಪಂದ್ಯ ಕೈಬಿಟ್ಟದ್ದು 8-8ರಲ್ಲಿ ಅಲ್ಲ, ಬಹುಶಃ 8-4ರ ಸುಮಾರಿಗೆ. ಮುಂದಿರುವವರು ಕಾಯ್ದುಕೊಳ್ಳಲು ಹೊರಡುತ್ತಾರೆ, ಹೊಡೆತ ಮೆತ್ತಗಾಗುತ್ತದೆ. ಮೆತ್ತಗಿನ ಹೊಡೆತದಲ್ಲಿ ಕ್ಯೂ ಅರ್ಧದಲ್ಲೇ ನಿಧಾನವಾಗಿ, ಬಿಳಿ ಚೆಂಡು ಬೇಕಾದ ಜಾಗಕ್ಕೆ ಒಂದಡಿ ಮೊದಲೇ ನಿಲ್ಲುತ್ತದೆ. ಮುಂದಿನ ಚೆಂಡು ಕಷ್ಟದ್ದಾಗುತ್ತದೆ, ಅದು ಬೀಳದೆ ತಪ್ಪುತ್ತದೆ, ಆಮೇಲೆ ಒತ್ತಡವನ್ನು ದೂರುತ್ತೇವೆ. ಹಾಗಾಗಿ ಪೊಸಿಷನ್ ಆರಿಸುವಾಗ ಬಿಳಿ ಚೆಂಡು ಮುಂದಿನ ಹೊಡೆತದ ಗೆರೆಯನ್ನು ಅಡ್ಡ ಹಾಯುವ ದಾರಿ ಬಿಟ್ಟು, ಗೆರೆಯ ಉದ್ದಕ್ಕೇ ಬರುವ ದಾರಿ ಹಿಡಿಯಿರಿ. ಆಗ ಒಂದಡಿ ಹೆಚ್ಚುಕಡಿಮೆಯಾದರೂ ಕೋನ ಕೆಡುವುದಿಲ್ಲ. ಸೈಡ್ ಸ್ಪಿನ್ ತೀರಾ ಬೇಕಾದಾಗ ಮಾತ್ರ, ಅದೂ ನಡುವಿನಿಂದ ಕ್ಯೂ ತುದಿಯ ಅರ್ಧ ಅಗಲದಷ್ಟೇ ಸರಿದು. ನಿಮ್ಮ ಟೂರ್ನಿಯಲ್ಲಿ ಬಿಡುವು ಕೇಳುವ ಅವಕಾಶವಿದ್ದರೆ ಅದನ್ನು 8-6ಕ್ಕೇ ತೆಗೆದುಕೊಳ್ಳಿ. ಮುಖ ತೊಳೆದು, ಮೂಗಿನಿಂದ ನಾಲ್ಕು ಎಣಿಸಿ ಉಸಿರು ಎಳೆದು ಆರು ಎಣಿಸಿ ಬಿಡಿ, ಐದಾರು ಸಲ. ಕುರ್ಚಿಯಲ್ಲಿ ಕುಳಿತಾಗ ಎದುರಾಳಿಯ ಮುಖ ನೋಡುತ್ತಾ ಕೂರದೆ ಟೇಬಲ್ ಓದಿ.

ಪ್ರಶ್ನೆ: ಕೊನೆಯ ರ‍್ಯಾಕ್‌ನಲ್ಲಿ ಬ್ರೇಕ್ (ಜೋಡಿಸಿದ ಚೆಂಡುಗಳನ್ನು ಒಡೆಯುವ ಹೊಡೆತ) ನನಗೇ ಸಿಗುವಂತೆ ಮಾಡಲು ದಾರಿ ಇದೆಯೇ? — ಬೆಂಗಳೂರಿನ ಓದುಗರು

ಉತ್ತರ: ಬ್ರೇಕ್ ಸರದಿಯ ಮೇಲೆ ಬರುವ ಟೂರ್ನಿಗಳಲ್ಲಿ ಇದೆ, ಆದರೆ ಅದು ಪಂದ್ಯದ ಮೊದಲ ಹೊಡೆತವಾದ ಲ್ಯಾಗ್‌ನಲ್ಲಿ: ಇಬ್ಬರೂ ಒಂದೊಂದು ಚೆಂಡನ್ನು ದೂರದ ಕುಶನ್ನಿಗೆ (ಟೇಬಲ್ಲಿನ ಅಂಚಿಗೆ) ಕಳಿಸುತ್ತಾರೆ, ಮರಳಿ ಬಂದು ಹತ್ತಿರದ ಕುಶನ್ನಿಗೆ ಹೆಚ್ಚು ಸಮೀಪ ನಿಂತ ಚೆಂಡಿನವರು ಗೆಲ್ಲುತ್ತಾರೆ. 9 ರ‍್ಯಾಕ್‌ ಗೆಲ್ಲಬೇಕಾದ ಪಂದ್ಯ ಹಿಲ್-ಹಿಲ್ ಆದರೆ ಕೊನೆಯದು 17ನೆಯದು, 11ರದ್ದಾದರೆ 21ನೆಯದು. ಯಾವಾಗಲೂ ಬೆಸ ಸಂಖ್ಯೆ. ಬೆಸ ರ‍್ಯಾಕ್‌ಗಳೆಲ್ಲ ಮೊದಲ ರ‍್ಯಾಕ್ ಬ್ರೇಕ್ ಮಾಡಿದವರ ಪಾಲು, ಅಂದರೆ ಲ್ಯಾಗ್ ಗೆದ್ದು ಬ್ರೇಕ್ ಆರಿಸಿಕೊಂಡವರ ಪಾಲು. ಲ್ಯಾಗ್ ಅಭ್ಯಾಸ ಮಾಡುವವರೇ ಕಡಿಮೆ ಎಂಬುದು ಬೇಸರದ ಸಂಗತಿ. ದಿನಕ್ಕೆ 20 ಲ್ಯಾಗ್ ಸಾಕು. ಹೋಗಿ ಬಂದ ಚೆಂಡು ಹತ್ತಿರದ ಕುಶನ್ನಿಂದ ಒಂದು ಗೇಣಿನೊಳಗೆ ಎಷ್ಟು ಸಲ ನಿಂತಿತು ಎಂದು ಲೆಕ್ಕ ಇಡಿ. ಗೆದ್ದವರೇ ಬ್ರೇಕ್ ಮಾಡುವ ನಿಯಮವಿದ್ದರೆ ಈ ಲೆಕ್ಕ ನಡೆಯದು.

ಬ್ರೇಕ್ ಸಿಕ್ಕಾಗ ಶಕ್ತಿ ಎಂದಿಗಿಂತ ಸ್ವಲ್ಪ ಕಡಿಮೆಯೇ ಇರಲಿ, ಮೈಯೊಳಗಿನ ಕಾವು ಅದನ್ನು ತಾನಾಗಿಯೇ ತುಂಬುತ್ತದೆ. ಒಂದನೇ ನಂಬರ್ ಚೆಂಡಿನ ನಟ್ಟನಡುವಿಗೆ ತಾಗಿಸಿ, ಬಿಳಿ ಚೆಂಡನ್ನು ನಡುಟೇಬಲ್ಲಿನಲ್ಲಿ ಉಳಿಸಿ. ಬ್ರೇಕ್ ಮಾಡಲು ಅಂದು ಕೆಲಸ ಮಾಡುತ್ತಿದ್ದ ಜಾಗವನ್ನು ಕೊನೆಯ ರ‍್ಯಾಕ್‌ಗೆಂದು ಬದಲಿಸಬೇಡಿ.

ಪ್ರಶ್ನೆ: ಕೈ ನಡುಕಕ್ಕೆ ಗೆಳೆಯರೊಬ್ಬರು ಪ್ರೊಪ್ರನಾಲಾಲ್ ಮಾತ್ರೆ ಸೂಚಿಸಿದ್ದಾರೆ. — ಹುಬ್ಬಳ್ಳಿಯ ಓದುಗರು

ಉತ್ತರ: ಬೇಡ. ಅದು ಬೀಟಾ ಬ್ಲಾಕರ್, ಎದೆಬಡಿತ ನಿಧಾನ ಮಾಡುವ ಔಷಧ. ಪೂಲ್ ಸೇರಿ ಬಿಲಿಯರ್ಡ್ಸ್‌ನ ಎಲ್ಲ ಪ್ರಕಾರಗಳಲ್ಲೂ ಸ್ಪರ್ಧೆಯ ವೇಳೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ ಅದನ್ನು ನಿಷೇಧಿಸಿದೆ. ಆಸ್ತಮಾ ಇರುವವರಿಗೆ ಅಪಾಯವೂ ಹೌದು. ಹೃದಯದ ತೊಂದರೆಗೆಂದು ವೈದ್ಯರೇ ಕೊಟ್ಟಿದ್ದರೆ ಮಾತ್ರೆ ನಿಲ್ಲಿಸಬೇಡಿ. ಪಂದ್ಯಕ್ಕೆ ಮೊದಲೇ ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕಿ.

ಪ್ರಶ್ನೆ: ಸ್ನೂಕರ್‌ನಿಂದ ಪೂಲ್‌ಗೆ ಬಂದಿದ್ದೇನೆ. ನಿರ್ಣಾಯಕ ಫ್ರೇಮಿಗೂ ನಿರ್ಣಾಯಕ ರ‍್ಯಾಕಿಗೂ ಏನು ವ್ಯತ್ಯಾಸ? ಅಭ್ಯಾಸ ಹೇಗಿರಬೇಕು? — ಮಂಗಳೂರಿನ ಓದುಗರು

ಉತ್ತರ: ಸ್ನೂಕರ್‌ನ ಕೊನೆಯ ಫ್ರೇಮೂ ಕಠಿಣವೇ, 2017ರ ಮಹಿಳಾ ವಿಶ್ವ ಸ್ನೂಕರ್ ಫೈನಲ್‌ನಲ್ಲಿ ನಮ್ಮ ವಿದ್ಯಾ ಪಿಳ್ಳೈ ಸೋತದ್ದು 5-6ರಲ್ಲಿ. ಆದರೆ ಅಲ್ಲಿ 40 ಪಾಯಿಂಟ್ ಹಿಂದಿದ್ದರೂ ಮರಳಿ ಬರಲು ಚೆಂಡುಗಳಿರುತ್ತವೆ. ನೈನ್‌ಬಾಲ್‌ನಲ್ಲಿ ನಿಮಗೆ ಒಂದೇ ಸರದಿ ಸಿಗಬಹುದು, ಅದೂ ಹತ್ತು ನಿಮಿಷ ಕುರ್ಚಿಯಲ್ಲಿ ಕೈ ತಣ್ಣಗಾದ ಮೇಲೆ. ಆದ್ದರಿಂದ ಆ ಸರದಿಯ ಮೊದಲ ಹೊಡೆತಕ್ಕೇ ಹೆಚ್ಚು ಸಮಯ ಕೊಡಿ. ಶಾಟ್ ಕ್ಲಾಕ್ (ಪ್ರತಿ ಹೊಡೆತಕ್ಕೆ ಸಮಯದ ಮಿತಿ) ಇದ್ದು ಎಕ್ಸ್‌ಟೆನ್ಶನ್ (ಹೆಚ್ಚುವರಿ ಸಮಯ) ಉಳಿದಿದ್ದರೆ ಅದು ಅಲ್ಲೇ ಖರ್ಚಾಗಲಿ. ಮೊದಲ ಚೆಂಡಿಗೆ ಹಾದಿಯಿದ್ದರೂ ಮುಂದೆ ಎರಡು ಚೆಂಡು ಅಂಟಿಕೊಂಡಿದ್ದರೆ ಚೆಂಡು ಹಾಕುವ ಬದಲು ಎದುರಾಳಿಗೆ ಹಾದಿ ಸಿಗದ ಹಾಗೆ ಸೇಫ್ಟಿ ಆಡಿ: ಬಿಳಿ ಚೆಂಡು ಇನ್ನೊಂದರ ಮರೆಗೆ, ಗುರಿಚೆಂಡು ದೂರದ ಕುಶನ್ನಿಗೆ. ಕರಾವಳಿಯ ಸೆಕೆಗೆ ಬ್ರಿಜ್ ಕೈಗೆ, ಅಂದರೆ ಕ್ಯೂ ಜಾರುವ ಮುಂದಿನ ಕೈಗೆ, ಗ್ಲವ್ಸ್ ಹಾಕಿ. ಪೌಡರ್ ಬೇಡ, ಅದು ಟೇಬಲ್ಲಿನ ಬಟ್ಟೆಗೆ ಉದುರಿ ಚೆಂಡಿನ ಓಟ ಕೆಡಿಸುತ್ತದೆ.

ಅಭ್ಯಾಸಕ್ಕೆ ‘ಭೂತ’ದ ಜೊತೆ ಆಡಿ. ಬ್ರೇಕ್ ಮಾಡಿ, ಬಿಳಿ ಚೆಂಡನ್ನು ಬೇಕಾದಲ್ಲಿ ಇಟ್ಟು ಒಂಬತ್ತರವರೆಗೆ ತೆರವು ಮಾಡಿದರೆ ರ‍್ಯಾಕ್ ನಿಮ್ಮದು, ಒಂದು ತಪ್ಪಿದರೂ ಭೂತದ್ದು. ಏಳು ರ‍್ಯಾಕ್ ಗೆಲ್ಲಬೇಕಾದ ಪಂದ್ಯವನ್ನು ಸೊನ್ನೆಯಿಂದ ಬೇಡ, 6-6ರಿಂದ ಶುರುಮಾಡಿ. ದಿನಕ್ಕೆ ಒಂದೇ ರ‍್ಯಾಕ್. ಸೋತರೆ ಅಂದು ಮತ್ತೆ ಆಡುವಂತಿಲ್ಲ. ಜೊತೆಗೆ ಹೊರಡುವ ಮುನ್ನ ಮೂರು ಅಡಿ ದೂರದ ಒಂಬತ್ತು ಒಂದೇ ಒಂದು. ಅದಕ್ಕೂ ಮೊದಲು ಮೆಟ್ಟಿಲು ಹತ್ತಿಳಿದು ಬನ್ನಿ, ಎದೆ ಹೊಡೆದುಕೊಳ್ಳುತ್ತಿರುವಾಗಲೇ ಬಾಗಬೇಕು. ಬಿದ್ದರೆ ಟಿಕ್, ತಪ್ಪಿದರೆ ಅಡ್ಡಗೆರೆ ಹಾಕಿ, ಎರಡನೇ ಸಲ ಹೊಡೆಯದೆ ಕ್ಯೂ ಬಿಚ್ಚಿ ಚೀಲಕ್ಕೆ ಹಾಕಿ.